ಯಾರ ಕಣ್ಣಿಗೂ ಬೀಳದಂಥ ಬಟ್ಟೆ

ಯಾರ ಕಣ್ಣಿಗೂ ಬೀಳದ ಹಾಗೆ ಇರಬೇಕು ಅಂತ ಒಬ್ಬ ಹುಡುಗಿ ನಿಜವಾಗಿ ಮನಸ್ಸು ಮಾಡಿದರೆ, ನಮ್ಮ ಚಿಕ್ಕಬಳ್ಳಾಪುರದ ಕಡೆ ಅವಳನ್ನು ನೋಡದವರೇ ಇರುವುದಿಲ್ಲ. ಇದು ನನ್ನ ಪಾಲಿಗೆ ವಾರಕ್ಕೊಂದು ಸಲವಾದರೂ ಸಾಬೀತಾಗುತ್ತಲೇ ಇರುತ್ತದೆ.

ನಮ್ಮದು ಶಿಡ್ಲಘಟ್ಟ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ನಾನು ದಿನಾ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಯುಕೆಜಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಸಭೆ, ಅಂದರೆ ನಮ್ಮ ಚರ್ಚು, ಸೇರುತ್ತದೆ. ನಮ್ಮ ಸಭೆಯ ಹೆಂಗಸರು ಕುಂಕುಮ ಇಡುವುದಿಲ್ಲ, ಬಳೆ ತೊಡುವುದಿಲ್ಲ, ಓಲೆ ಹಾಕುವುದಿಲ್ಲ, ಹೂ ಮುಡಿಯುವುದಿಲ್ಲ. ಮೈಮೇಲಿನ ಒಡವೆಗಿಂತ ಒಳಗಿನ ಸೌಮ್ಯ ಮನಸ್ಸೇ ದೇವರಿಗೆ ಇಷ್ಟ ಅನ್ನುವುದು ನಮ್ಮ ನಂಬಿಕೆ. ಇದರಲ್ಲಿ ನನ್ನ ತಕರಾರೇನೂ ಇಲ್ಲ. ನಾನು ಹುಟ್ಟಿನಿಂದಲೇ ನಾಚಿಕೆ ಸ್ವಭಾವದವಳು. ಮೈ ಮುಚ್ಚಿಕೋ ಅಂತ ನನಗೆ ಹೇಳುವುದು, ಮೀನಿಗೆ ನೀರಲ್ಲಿರು ಅಂತ ಹೇಳಿದಷ್ಟೇ ಅನವಶ್ಯಕ. ಆದರೂ ಎಲ್ಲರೂ ಹೇಳುತ್ತಾರೆ.

ಹೋದ ವರ್ಷ ದಸರಾ ರಜೆ ಮುಗಿದ ವಾರ ಪಾಸ್ಟರ್ ಅಯ್ಯ ನನ್ನನ್ನು ಕರೆದು, "ಈ ಸಲ ಕ್ರಿಸ್‌ಮಸ್ ಕೂಟಕ್ಕೆ ನಾಲ್ಕು ಊರಿನ ಸಭೆಗಳೂ ಸೇರ್ತಾವೆ. ನೀನು ಒಬ್ಬಳೇ ಒಂದು ಹಾಡು ಹಾಡಮ್ಮ" ಅಂದರು. ನನಗೆ ನಾಲ್ಕು ಜನರ ಮುಂದೆ ಮಾತಾಡಿದರೆ ಧ್ವನಿ ನಡುಗುತ್ತದೆ, ಹಾಡಿದರೆ ನಡುಗುವುದಿಲ್ಲ. ಆದರೆ ಅದು ಗೊತ್ತಿರುವುದು ಅಮ್ಮನಿಗೆ ಮತ್ತು ನಮ್ಮನೆ ಅಡುಗೆಮನೆಗೆ ಮಾತ್ರ. ಸಭೆಯಲ್ಲಿ ನಾನು ಗುಂಪಿನೊಂದಿಗೆ ಮೂರನೇ ಸಾಲಿನಲ್ಲಿ, ಕಂಬದ ಹಿಂದೆ ನಿಂತು ಹಾಡುವವಳು. ಅಯ್ಯನ ಕಿವಿಗೆ ಅಮ್ಮನೇ ಹಾಕಿರಬೇಕು. ಆ ಹಾಡು ನನಗೆ ಎಷ್ಟು ಬೇಕಾಗಿತ್ತು ಅಂದರೆ, "ಆಗಲಿ ಅಯ್ಯಾ" ಅನ್ನುವ ಎರಡು ಪದ ತಡವರಿಸದೆ ಬಂದುಬಿಟ್ಟವು.

ಆಗ ಪಕ್ಕದಲ್ಲಿದ್ದ ನರ್ಸಮ್ಮ ಬಾಯಿ ಹಾಕಿದರು. ನರ್ಸಮ್ಮ ಚಿಂತಾಮಣಿ ಕಡೆಯವರು, ಮಾತಿನ ನಡುವೆ ತೆಲುಗು ನುಸುಳುತ್ತದೆ; ರಿಟೈರಾದ ನರ್ಸು, ನಮ್ಮ ಸಭೆಯ ಹೆಂಗಸರ ಉಡುಪಿನ ಮೇಲ್ವಿಚಾರಕಿ. ಆ ಹುದ್ದೆಗೆ ಅವರನ್ನು ಯಾರೂ ನೇಮಿಸಿಲ್ಲ. "ಮುಂದೆ ನಿಲ್ಲೋರ ಸಾಕ್ಷಿ, ನಡತೆ ಚೆನ್ನಾಗಿರಬೇಕು ತಲ್ಲೀ. ಕ್ರಿಸ್‌ಮಸ್ ತನಕ ನೋಡ್ತೀನಿ. ನಿನ್ನ ಬಟ್ಟೆಬರೆ ಮೇಲೆ ಮೂರು ದೂರು ಬಂದ್ರೆ ಹಾಡು ಗುಂಪಿಗೆ, ನೀನು ಕಂಬದ ಹಿಂದಕ್ಕೆ."

ಮೂರು ದೂರಾ? ನನ್ನ ಮೇಲಾ? ಆರಾಮಾಗಿ ಮನೆಗೆ ಬಂದೆ.

ಬಸ್ಸಿನಲ್ಲಿ ಸಿಕ್ಕ ಪಿಂಚಣಿ

ಮರುವಾರವೇ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಮೇಲೂರಿನ ಹೆಂಗಸೊಬ್ಬರು ಬಂದು ಕೂತರು. ಮಡಿಲಲ್ಲಿ ಕನಕಾಂಬರದ ಬುಟ್ಟಿ. ಮೊದಲು ನನ್ನ ಹಣೆ ನೋಡಿದರು, ಆಮೇಲೆ ಕಿವಿ, ಆಮೇಲೆ ಕೈ. ಕಾಲುಂಗುರ ಇದೆಯಾ ಅಂತ ಬಗ್ಗಿಯೂ ನೋಡಿದರು. ಕೊನೆಗೆ ನನ್ನ ಕೈ ಹಿಡಿದು, "ಏನ್ ಮಾಡಕ್ಕಾಗ್ತದಮ್ಮ, ದೇವರು ಬರ್ದಿದ್ದು. ಧೈರ್ಯ ತಗೋ" ಅಂದರು.

ಇಂಥ ಹೊತ್ತಿನಲ್ಲಿ ನಾನು ಯಾವಾಗಲೂ ಮಾಡುವುದನ್ನೇ ಮಾಡಿದೆ. ಸುಮ್ಮನೆ ನಕ್ಕೆ.

"ನೋಡ್ರಮ್ಮ, ನೋವು ನುಂಗ್ಕೊಂಡು ನಗ್ತೈತೆ ಮಗು" ಅಂತ ಹಿಂದಿನ ಸೀಟಿಗೆ ವರದಿ ಹೋಯಿತು. ಹಿಂದಿನವರು ಮುಂದಕ್ಕೆ ಬಗ್ಗಿ, "ವಿಧವಾ ವೇತನಕ್ಕೆ ಅರ್ಜಿ ಹಾಕಿದೀಯೇನಮ್ಮ? ನಾಡಕಚೇರೀಲಿ ಕೊಡ್ಬೇಕು" ಅಂದರು. ಟಿಕೆಟ್ ಕೊಡಲು ಬಂದ ಕಂಡಕ್ಟರ್, "ಗಂಡನ ಡೆತ್ ಸರ್ಟಿಫಿಕೇಟು ಜೆರಾಕ್ಸ್ ಮೂರು ಇಟ್ಕೊಳಿ ಮೇಡಂ, ಒಂದು ಸಾಲಲ್ಲ" ಅಂದ. ಆ ಕಡೆ ಸೀಟಿನವರು ಯಾರೋ ನನ್ನ ಗಂಡ ಬೈಕಿನಿಂದ ಬಿದ್ದು ಹೋದದ್ದು ಅಂತಲೂ ತೀರ್ಮಾನ ಮಾಡಿಬಿಟ್ಟರು. ಹೆಲ್ಮೆಟ್ ಹಾಕಿರಲಿಲ್ಲವಂತೆ.

ಇನ್ನು ಸುಮ್ಮನಿದ್ದರೆ ತಿಥಿಯನ್ನೂ ಮಾಡಿಸಿಯೇ ಇಳಿಸುತ್ತಾರೆ ಅನ್ನಿಸಿ, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿಕೊಂಡು, "ನನಗೆ ಮದುವೆನೇ ಆಗಿಲ್ಲ" ಅಂದೆ.

ಮೊದಲು ಸುಧಾರಿಸಿಕೊಂಡವನು ಕಂಡಕ್ಟರ್. "ಹಂಗಾದ್ರೆ ಕಷ್ಟ ಮೇಡಂ. ಮದುವೆ ಆಗ್ದೆ ವಿಧವಾ ವೇತನ ಕೊಡಲ್ಲ."

ಮೇಲೂರಿನವರಿಗೆ ಮಾತ್ರ ಸಂತೋಷ ತಡೆಯಲಾಗಲಿಲ್ಲ. "ಅಯ್ಯೋ ನನ್ ಕಂದ! ಕನ್ಯೆ ಹುಡ್ಗಿ ಹಿಂಗ್ ಬೋಳಾಗಿ ಇರ್ತಾರಾ?" ಅಂತ ಒಂದು ಮೊಳ ಕನಕಾಂಬರ ಕಿತ್ತು, ನಾನು ಬೇಡ ಅನ್ನುವ ಮೊದಲೇ ಜಡೆಗೆ ಸಿಕ್ಕಿಸಿಯೂಬಿಟ್ಟರು. ಬಸ್ಸು ನಿಂತಿತು. ಇಳಿದೆ. ಎದುರಿಗೆ, ಬಿಪಿ ಮಾತ್ರೆ ತರಲು ಬಂದಿದ್ದ ನರ್ಸಮ್ಮ.

"ಏಮಿಟಮ್ಮಾ ಇದು, ತಲೆ ಮೇಲೆ ತೋಟ?"

"ಬಸ್ಸಲ್ಲಿ ಒಬ್ರು ಮುಡಿಸಿದ್ರು."

"ಯಾಕೆ?"

"ನನ್ನ ಗಂಡ ಸತ್ತಿಲ್ಲ ಅಂತ ಗೊತ್ತಾಗಿದ್ದಕ್ಕೆ."

ಒಂದನೇ ದೂರು.

ಏರುತ್ತಾ ಹೋದ ಕತ್ತು

ಇನ್ನು ಎಚ್ಚರವಾಗಿರಬೇಕು ಅಂತ ನಾನೇ ನರ್ಸಮ್ಮನ ಬಳಿ ಹೋಗಿ ಹಾಡಿನ ದಿನಕ್ಕೆ ಬ್ಲೌಸು ಹೇಗಿರಬೇಕು ಅಂತ ಕೇಳಿದೆ. ಅದು ನನ್ನ ದೊಡ್ಡ ತಪ್ಪು. ಅವರೇ ನನ್ನ ಜೊತೆ ಟೈಲರ್ ಅಂಗಡಿಗೆ ಬಂದರು.

ಟೈಲರ್ ಸಾಬರಿಗೆ ನಮ್ಮನ್ನು ಕಂಡು ಹೇಳತೀರದ ಖುಷಿ. "ನಲವತ್ತು ವರ್ಷದ ಸರ್ವೀಸಲ್ಲಿ ಎಲ್ರೂ ಬೆನ್ನು ಇಳಿಸಿ ಅಂತಾರೆ ಬೇಟಿ. ಏರ್ಸಿ ಅಂದೋರು ನೀವೇ ಫಸ್ಟು" ಅಂದರು. ತೋಳು ಮೊಣಕೈ ದಾಟಬೇಕು. ದಾಟಿಸಿದರು. ಕತ್ತು ಅರ್ಧ ಇಂಚು ಮೇಲೆ ಬರಬೇಕು. ಬಂತು. ಮರುವಾರ ಟ್ರಯಲ್ ನೋಡಿ ನರ್ಸಮ್ಮ ಇನ್ನೂ ಅರ್ಧ ಇಂಚು ಅಂದರು. ಅದರ ಮರುವಾರ ಇನ್ನೊಂದು ಚೂರು. ನಾಲ್ಕನೇ ಸಲಕ್ಕೆ ಸಾಬರು ಟೇಪನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟು, "ಅಮ್ಮಾ, ಇನ್ನು ಏರ್ಸಿದ್ರೆ ಇದು ಬ್ಲೌಸಲ್ಲ, ಮಾಸ್ಕು" ಅಂದರು.

ಅಮ್ಮ ಇದನ್ನೆಲ್ಲ ನೋಡಿ ಒಂದೇ ಮಾತು ಹೇಳಿದಳು. "ನೋಡಿದೋರಿಗೆ ನಿನ್ನ ಬಟ್ಟೆ ಮರೆತುಹೋಗಿ ಮುಖ ನೆನಪಿರಬೇಕು ಕಣೇ. ಮರ್ಯಾದೆ ಬಟ್ಟೆ ಅಂದ್ರೆ ಅಷ್ಟೇ." ಅಮ್ಮನಿಗೆ ಸಭೆಯಲ್ಲಿ ಯಾವ ಹುದ್ದೆಯೂ ಇಲ್ಲ, ಆದ್ದರಿಂದ ಆ ಮಾತು ಅಡುಗೆಮನೆಯಲ್ಲೇ ಉಳಿಯಿತು.

ಆ ಭಾನುವಾರ ಹೊಸ ಬ್ಲೌಸು ಹಾಕಿಕೊಂಡು ಸಭೆಗೆ ಹೋದೆ. ಕಾಲರಿನಂತೆ ಏರಿದ ಕತ್ತು, ಉದ್ದ ತೋಳು, ಬೆನ್ನೆಲ್ಲ ಬಂದೋಬಸ್ತು. ಕಿವಿಯ ಕೆಳಗೆ ಉಸಿರಾಡಲು ಮಾತ್ರ ಜಾಗ. ಸಭೆ ಮುಗಿಸಿ ಕೆಳಗೆ ಇಳಿದರೆ ಅಂಗಡಿ ಮುಂದೆ ನಿಂತಿದ್ದ ಇಬ್ಬರು ಕಾಲೇಜು ಹುಡುಗಿಯರು ಓಡಿ ಬಂದರು. "ಅಕ್ಕಾ ಅಕ್ಕಾ, ಹೈ ನೆಕ್ ಸೂಪರ್ ಆಗಿದೆ! ಬೆಂಗಳೂರು ಬೊಟೀಕಾ? ಒಂದು ಫೋಟೋ ತಗೊಳ್ಳಾ? ನಮ್ಮ ಫೇರ್‌ವೆಲ್‌ಗೆ ಸೇಮ್ ಇದೇ ಬೇಕು."

ನನ್ನ ಹಿಂದೆಯೇ ಮೆಟ್ಟಿಲಿಳಿದ ನರ್ಸಮ್ಮನ ಮುಖ ಬಿಗಿಯಿತು.

"ಲೋಕದೋರು ಮೆಚ್ಚೋದನ್ನ ನಾವು ಹಾಕ್ಕೊಳ್ಳಲ್ಲ. ನಾಳೆನೇ ಹೋಗಿ ಕತ್ತು ಇಳಿಸು." ಅಳತೆ ಅವರದೇ ಆದ್ದರಿಂದ ಇದು ಮಾತ್ರ ದೂರಿನ ಲೆಕ್ಕಕ್ಕೆ ಬರಲಿಲ್ಲ.

ಮಿಸ್ಸಿನ ವೇಷ

ನವೆಂಬರಿನಲ್ಲಿ ನಮ್ಮ ಶಾಲೆಯಲ್ಲಿ ಫ್ಯಾನ್ಸಿ ಡ್ರೆಸ್ ಸ್ಪರ್ಧೆ. ಒಬ್ಬ ಹುಡುಗ ದ್ರಾಕ್ಷಿ ಗೊಂಚಲಾಗಿ ಬಂದಿದ್ದ; ಇಪ್ಪತ್ತು ಬಲೂನು, ಕೂರಲು ಆಗುವುದಿಲ್ಲ. ಒಬ್ಬಳು ರೇಷ್ಮೆ ಗೂಡಾಗಿ ಬಂದಿದ್ದಳು. ಹತ್ತಿ ಸುತ್ತಿದ್ದರು, ನಡೆಯಲು ಆಗುವುದಿಲ್ಲ. ಈ ಸಂತೆಯ ನಡುವೆ ನನ್ನ ಕ್ಲಾಸಿನ ಒಂದು ಪುಟ್ಟಿ ಬರಿ ಹಣೆ, ಬರಿ ಕಿವಿ, ಬರಿಗೈ, ಬಿಗಿಯಾಗಿ ಹೆಣೆದ ಒಂದೇ ಜಡೆ, ಎರಡೂ ಭುಜಕ್ಕೆ ಪಿನ್ನು ಹಾಕಿದ ದುಪಟ್ಟಾ ಹೊದ್ದು ತಲೆ ತಗ್ಗಿಸಿಕೊಂಡು ಸ್ಟೇಜಿಗೆ ಬಂದಳು.

ಹೆಡ್ ಮೇಡಂ ಪಾಪ ಅನ್ನಿಸಿ ಮೈಕಿನಲ್ಲಿ ಕೇಳಿದರು, "ಏನ್ ಪುಟ್ಟೀ, ಮನೇಲಿ ವೇಷ ಹಾಕೋದು ಮರೆತ್ಬಿಟ್ರಾ?"

"ಇಲ್ಲ ಮೇಡಂ, ವೇಷ ಎಲ್ಲಾ ತೆಗ್ಸಿದ್ದೀನಿ. ನಾನು ನಮ್ಮ ಮಿಸ್ಸು."

ಅದರ ಮೇಲೆ ನನ್ನ ಹಾಗೆಯೇ ಯಾರ ಮುಖವನ್ನೂ ನೋಡದೆ, ಗೋಡೆಗೆ "ಗುಡ್ ಮಾರ್ನಿಂಗ್ ಚಿಲ್ಡ್ರನ್" ಅಂತ ಹೇಳಿದಳು. ಹಾಲ್ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಮೊದಲ ಬಹುಮಾನ. ದ್ರಾಕ್ಷಿ ಗೊಂಚಲು ಅಳಲು ಶುರು ಮಾಡಿತು. ನಮ್ಮಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ತೆಗೆದ ಫೋಟೋ ಶಾಲೆಯ ವಾಟ್ಸಾಪ್ ಗುಂಪಿನಿಂದ ಹಾರಿ, ಮಧ್ಯಾಹ್ನದೊಳಗೆ ಶಿಡ್ಲಘಟ್ಟ ಮುಟ್ಟಿತು.

ಸಂಜೆ ಮನೆಗೆ ಬಂದರೆ ನರ್ಸಮ್ಮ ಜಗಲಿ ಮೇಲೆ ಕೂತಿದ್ದಾರೆ, ಕೈಯಲ್ಲಿ ಫೋನು.

"ನಾನೇನು ಮಾಡ್ದೆ ಆಂಟಿ? ನೀವು ಹೇಳಿದ ಹಾಗೇ ಸರಳವಾಗಿದ್ದೆ" ಅಂದೆ. ಅಳು ಬರುವುದೊಂದೇ ಬಾಕಿ.

"ಸರಳವಾಗಿರು ಅಂದೆ ತಲ್ಲೀ. ಸರಳತೇಲಿ ಫಸ್ಟ್ ಪ್ರೈಜ್ ತಗೊಂಡ್ರೆ ಅದು ಸರಳತೆ ಹೆಂಗಾಗ್ತದೆ?"

ಎರಡನೇ ದೂರು.

ಗೌರಿಬಿದನೂರಿನ ಅತ್ತೆ

ಇನ್ನೊಂದೇ ಒಂದು ದೂರು, ಹಾಡು ಹೋಯಿತು. ಅಂಥ ಹೊತ್ತಿನಲ್ಲಿ ಗೌರಿಬಿದನೂರಿನಲ್ಲಿ ಅತ್ತೆಯ ಮಗನ ಮದುವೆ ಬಂತು. ಅತ್ತೆ ಅಂದರೆ ಅಪ್ಪನ ತಂಗಿ. ಅವರೂ ಕ್ರೈಸ್ತರೇ, ಆದರೆ ಅವರದು ಬೇರೆ ಸಭೆ. ಅಲ್ಲಿ ರೇಷ್ಮೆ ಸೀರೆಗೂ ಸರಕ್ಕೂ ಸ್ವರ್ಗದ ಬಾಗಿಲಲ್ಲಿ ತಡೆಯಿಲ್ಲ.

ನನ್ನ ಬಿಳಿ ಕಾಟನ್ ಸೀರೆ ನೋಡಿದ್ದೇ ಅತ್ತೆ ಎದೆ ಮೇಲೆ ಕೈಯಿಟ್ಟುಕೊಂಡರು. "ಹುಡುಗಿ ಕಡೆಯೋರು ನೋಡಿದ್ರೆ ಏನಂತಾರೆ? ನಮ್ಮಣ್ಣನ ಮನೇಲಿ ಒಂದೆಳೆ ಚಿನ್ನಕ್ಕೂ ಗತಿಯಿಲ್ಲ ಅನ್ನಲ್ವಾ?"

"ಅತ್ತೆ, ನಮ್ಮ ಸಭೇಲಿ..."

"ನಿಮ್ಮ ಸಭೆ ನನಗ್ ಗೊತ್ತು ಸುಮ್ನಿರೆ. ಮದುವೆ ಬಟ್ಟೆ ಇಲ್ದೆ ಮದುವೆಗೆ ಬಂದೋನ ಕೈಕಾಲು ಕಟ್ಟಿ ಹೊರಗೆ ಹಾಕ್ಸಿದ್ರು ಅಂತ ಬೈಬಲ್ ವಾಕ್ಯದಲ್ಲೇ ಇಲ್ವಾ? ಬಾ ಇಲ್ಲಿ."

ವಾಕ್ಯದಿಂದಲೇ ವಾದಿಸುವವರಿಗೆ ನಾನು ಯಾವಾಗಲೂ ಸೋಲುತ್ತೇನೆ. ಉತ್ತರ ಹೊಳೆಯುವುದು ಮಾರನೇ ದಿನ, ಅದೂ ಇಂಗ್ಲಿಷಿನಲ್ಲಿ. ಅತ್ತೆ ತಮ್ಮ ಎರಡೆಳೆ ಸರ ನನ್ನ ಕೊರಳಿಗೆ ಹಾಕಿ, ಹಿಂದೆ ಕೊಂಡಿ ಬಿಗಿದು, ಫೋಟೋದವನ ಕಡೆ ತಿರುಗಿಸಿ ನಿಲ್ಲಿಸಿದರು. ಆಗಲೇ ಬಾಗಿಲಲ್ಲಿ ಬಿಳಿ ಸೀರೆ ಕಾಣಿಸಿತು. ಹುಡುಗಿಯ ತಾಯಿಗೆ ಹೆರಿಗೆ ಮಾಡಿಸಿದ್ದು ನರ್ಸಮ್ಮನಂತೆ. ಅದೇ ಹುಡುಗಿಯ ಮದುವೆಗೆ ಅವರನ್ನು ಕರೆಯದೆ ಇರುತ್ತಾರಾ?

ಸರ ತೆಗೆಯೋಣ ಅಂದರೆ ಕೊಂಡಿ ಬಿಚ್ಚಲಿಲ್ಲ. ನಾನು ತಲೆಯ ಮೇಲಿಂದ ಸೆರಗು ಎಳೆದು, ಗದ್ದದ ಕೆಳಗೆ ಸುತ್ತಿ, ಕೊರಳನ್ನೆಲ್ಲ ಮುಚ್ಚಿ, ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು ಗೋಡೆಗೆ ಒರಗಿ ನಿಂತೆ. ಬೆವರು ಧಾರಾಕಾರ. ನರ್ಸಮ್ಮ ನೇರವಾಗಿ ನನ್ನತ್ತಲೇ ಬಂದರು. ಮೇಲಿನಿಂದ ಕೆಳಗೆ ನೋಡಿದರು. ಹಾಡು ಹೋಯಿತು ಅಂದುಕೊಂಡೆ.

ಅವರ ಕಣ್ಣು ತುಂಬಿ ಬಂತು. ಸುತ್ತಲಿದ್ದ ರೇಷ್ಮೆ ಸೀರೆಗಳ ಕಡೆ ತಿರುಗಿ ಹೇಳಿದರು:

"ನೋಡಿ ಕಲ್ತ್ಕೊಳ್ರಮ್ಮ. ಇಷ್ಟು ಬಂಗಾರದ ಮಧ್ಯೆ ಈ ಮಗು ಹೆಂಗೆ ಮುಚ್ಕೊಂಡು ನಿಂತದೆ ನೋಡಿ!"

ಕೊನೇ ಪಿನ್ನು

ಹಾಗೆ ಎರಡು ದೂರಿನಲ್ಲೇ ಉಳಿದು ನಾನು ಕ್ರಿಸ್‌ಮಸ್ ಕೂಟದ ದಿನ ಮುಟ್ಟಿದೆ. ಚಿಕ್ಕಬಳ್ಳಾಪುರದ ಒಂದು ಕಲ್ಯಾಣ ಮಂಟಪ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನವರೂ ಬಂದಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಹಾಡು. ವಧುವಿನ ಕೋಣೆಯೇ ಹೆಂಗಸರ ಕೋಣೆ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ನರ್ಸಮ್ಮ ಕೈಚೀಲದಿಂದ ಸೇಫ್ಟಿ ಪಿನ್ನಿನ ಗೊಂಚಲು ತೆಗೆದು ನನಗಾಗಿ ಕಾಯುತ್ತಿದ್ದರು.

"ಕೇಳ್ಸ್ಕೋ. ಸ್ಟೇಜ್ ಮೇಲೆ ನಿಂತ ಹೆಣ್ಣು ಸೆರಗಿಗೆ ಕೈ ಹಾಕಬಾರದು. ಜಾರಿದ್ರೂ ಹಾಕಬಾರದು, ಬಿದ್ರೂ ಹಾಕಬಾರದು. ಎಲ್ಲರ ಕಣ್ಣೂ ಕೈ ಹಿಂದೆನೇ ಹೋಗ್ತದೆ. ಅದಕ್ಕೇ ಜಾರದಂಗೆ ಮಾಡಿ ಕಳಿಸ್ತೀನಿ."

ಭುಜಕ್ಕೆ ಎರಡು, ತಲೆಯ ಮೇಲೆ ಎರಡು, ಸೊಂಟದ ಹತ್ತಿರ ಒಂದು. ನಾನು ಉಸಿರು ಹಿಡಿದು ನಿಂತಿದ್ದೆ. ಹಿಂದಿನ ಸೆರಗಿಗೆ ಕೊನೇ ಪಿನ್ನು ಹಾಕಬೇಕು ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಕೋಣೆ ಕಗ್ಗತ್ತಲು.

"ಬೆಳಕು ಬರ್ಲಿ ಆಂಟಿ" ಅಂದೆ.

"ಬೆಳಕ್ಯಾಕೆ? ಮೂವತ್ತು ವರ್ಷ ಕರೆಂಟಿಲ್ಲದ ಹಳ್ಳೀಲಿ ಇಂಜೆಕ್ಷನ್ ಕೊಟ್ಟ ಕೈ ಇದು." ಪಿನ್ನು ಟಿಕ್ ಅಂತ ಮುಚ್ಚಿಕೊಂಡ ಸದ್ದಾಯಿತು.

ಜನರೇಟರ್ ಶುರುವಾಯಿತು. ಹೊರಗೆ ಮೈಕಿನಲ್ಲಿ ಪಾಸ್ಟರ್ ಅಯ್ಯ ನನ್ನ ಹೆಸರು ಕರೆದರು. ನಾನು ಒಂದು ಹೆಜ್ಜೆ ಇಟ್ಟೆ, ಎರಡು ಇಟ್ಟೆ, ಮೂರನೆಯದಕ್ಕೆ ಹಿಂದಿನಿಂದ ಯಾರೋ ಜಗ್ಗಿದಂತಾಯಿತು.

"ಏಯ್! ನಿಲ್ಲೇ! ನನ್ನ ಸೆರಗು!"

ಇಬ್ಬರದೂ ಬಿಳಿ ಕಾಟನ್ ಸೀರೆ. ಕತ್ತಲಲ್ಲಿ ನರ್ಸಮ್ಮ ನನ್ನ ಸೆರಗನ್ನು ತಮ್ಮ ಸೆರಗಿಗೇ ಸೇರಿಸಿ ಪಿನ್ನು ಹಾಕಿಬಿಟ್ಟಿದ್ದರು. ಅದೂ ನಾಲ್ಕು ಮಡಿಕೆ ಸೇರಿಸಿ, ನರ್ಸಿನ ಬಲದಲ್ಲಿ. ಅವರು ಜಗ್ಗಿದರು, ನಾನು ಜಗ್ಗಿದೆ. ಪಿನ್ನು ಬಾಗಿತೇ ಹೊರತು ಬಿಚ್ಚಲಿಲ್ಲ.

"ನಾಚ್ಕೋಬೇಡ, ಬಾರಮ್ಮ" ಅಂತ ಮೈಕು ಎರಡನೇ ಸಲ ಕರೆಯಿತು.

"ಒಂದು ನಿಮಿಷ ಅಂತ ಹೇಳ್ರೋ!" ಅಂತ ನರ್ಸಮ್ಮ ಕೂಗಿದರು. ಜನರೇಟರ್ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

"ಹುಡುಗಿಗೆ ಭಯ ಅಂತ ಕಾಣ್ತದೆ. ಪರವಾಗಿಲ್ಲ, ಅದೇ ಹಾಡನ್ನ ಗುಂಪಿನೋರು ಹಾಡ್ತಾರೆ" ಅಂದಿತು ಮೈಕು.

ಆ ಮಾತು ಕಿವಿಗೆ ಬಿದ್ದದ್ದೇ ನನಗೆ ಏನಾಯಿತೋ ಗೊತ್ತಿಲ್ಲ. ಕನಕಾಂಬರ ಬೇಡ ಅನ್ನಲು ಬಾರದವಳು, ಅತ್ತೆಗೆ ಎದುರು ಹೇಳಲು ಬಾರದವಳು, ನಡೆದುಬಿಟ್ಟೆ. ಬಾಗಿಲು ದಾಟಿ, ಕುರ್ಚಿಗಳ ನಡುವೆ, ಮೆಟ್ಟಿಲು ಹತ್ತಿ, ಸ್ಟೇಜಿನ ಮೇಲೆ. ನನ್ನ ಹಿಂದೆ ನರ್ಸಮ್ಮ. ಅವರು ಬರಲೇಬೇಕಿತ್ತು, ಬರದಿದ್ದರೆ ಅವರ ಸೆರಗು ನನ್ನ ಜೊತೆ ಬರುತ್ತಿತ್ತು.

ನಾಲ್ಕು ಊರಿನ ಸಭೆ ನಮ್ಮನ್ನು ಕಣ್ಣರಳಿಸಿ ನೋಡಿತು. ಪಿನ್ನು ಬಿಚ್ಚೋಣ ಅಂತ ಹಿಂದಕ್ಕೆ ಕೈ ಚಾಚಿದೆ. ನರ್ಸಮ್ಮ ಕೈ ಮೇಲೆ ಫಟ್ಟನೆ ಒಂದು ಕೊಟ್ಟು, ಹಲ್ಲು ಕಚ್ಚಿ ಪಿಸುಗುಟ್ಟಿದರು: "ಕೈ ತೆಗಿ! ಎಲ್ಲರ ಮುಂದೆ ಸೆರಗಿಗೆ ಕೈ ಹಾಕ್ತೀಯಾ?"

"ಮತ್ತೆ ನೀವು?"

"ನಾನು ಇಲ್ಲೇ ನಿಂತ್ಕೊತೀನಿ. ಹಾಡು, ಬೇಗ ಮುಗ್ಸು."

ಹಾಡು ಶುರು ಮಾಡಿದೆ. ಒಂದು ವಿಚಿತ್ರ ಸಂಗತಿ ಗಮನಕ್ಕೆ ಬಂತು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಐನೂರು ಕಣ್ಣುಗಳೂ ನರ್ಸಮ್ಮನ ಮೇಲೆ. ಇವರು ಯಾಕೆ ಬಂದರು, ಈಗ ಏನು ಮಾಡುತ್ತಾರೆ ಅಂತ ಎಲ್ಲರೂ ಕಾಯುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ನಾನು ಯಾರ ಕಣ್ಣಿಗೂ ಬೀಳದೆ ನಿಂತಿದ್ದೆ, ಅದೂ ಸ್ಟೇಜಿನ ನಟ್ಟ ನಡುವೆ. ಧ್ವನಿ ನಡುಗಲಿಲ್ಲ. ಅಡುಗೆಮನೆಯಲ್ಲಿ ಹೇಗೋ ಹಾಗೆ ಹಾಡಿದೆ. ಹಿಂದಿನ ಸಾಲಿನಲ್ಲಿ ಅಮ್ಮ ಕಣ್ಣೊರೆಸಿಕೊಳ್ಳುವುದೂ ಕಾಣಿಸಿತು.

ಮೊದಲ ಚರಣಕ್ಕೆ ನರ್ಸಮ್ಮ ಮೇಲಿನ ಫ್ಯಾನು ನೋಡುತ್ತಾ ನಿಂತಿದ್ದರು. ಎರಡನೆಯದಕ್ಕೆ ಜನರನ್ನು ನೋಡಿದರು. ಮೂರನೆಯದಕ್ಕೆ ಅವರ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ನಾಲ್ಕನೆಯದಕ್ಕೆ ಪಕ್ಕದಿಂದ ಇನ್ನೊಂದು ಧ್ವನಿ ಏರಿ ಬಂತು. ನನ್ನದಕ್ಕಿಂತ ಜೋರಾಗಿ, ಶ್ರುತಿಯ ಹಂಗಿಲ್ಲದೆ. ಪಲ್ಲವಿಗೆ ಅವರು ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡರು.

ಚಪ್ಪಾಳೆಗೆ ಮಂಟಪದ ತಗಡು ಅದುರಿತು. ಗೌರಿಬಿದನೂರಿನ ಪಾಸ್ಟರ್ ಸ್ಟೇಜಿಗೇ ಬಂದು, "ಏನು ಹಾಡು, ಏನು ಹಾಡು! ಈಸ್ಟರ್‌ಗೆ ನಮ್ಮೂರಿಗೂ ಬರಬೇಕಮ್ಮ" ಅಂತ ನನಗೆ ಹೇಳಿದರು.

ನಾನು ಬಾಯಿ ತೆರೆಯುವ ಮೊದಲೇ ನರ್ಸಮ್ಮ ಸೆರಗು ಸರಿಮಾಡಿಕೊಳ್ಳುತ್ತಾ ಉತ್ತರ ಕೊಟ್ಟರು.

"ಬರ್ತೀವಿ ಅಯ್ಯಾ, ಖಂಡಿತ ಬರ್ತೀವಿ. ಪಿನ್ನು ನಾನೇ ತರ್ತೀನಿ."